ಗುರುವಾರವೇ ಹೊರಟ ಬ್ಯಾಗು

"ಮಗ ಎಲ್ಲಿ ಓದ್ತಿದಾನೆ?" ಎಂದು ಯಾರಾದರೂ ಕೇಳಿದರೆ ಅಮ್ಮ, "ಆನ್ ಆರ್ಬರ್ ಕಡೆ" ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸೌತ್‌ಫೀಲ್ಡಿನ ನಮ್ಮ ಮನೆಯಿಂದ ಆನ್ ಆರ್ಬರಿನ ದಿಕ್ಕಿಗೆ ಹೊರಟರೆ ಅರ್ಧ ದಾರಿಗೂ ಮುಂಚೆ ಒಂದು ಎಕ್ಸಿಟ್ ಬರುತ್ತದೆ. ಅಲ್ಲಿ ಇಳಿದರೆ, ಯಾರೋ ಬಿಸ್ಕತ್ತಿನ ಡಬ್ಬಿಗಳನ್ನು ಹುಲ್ಲಿನ ಮೇಲಿಟ್ಟು ಮರೆತುಹೋದ ಹಾಗೆ ನಿಂತಿರುವ ಕಟ್ಟಡಗಳೇ ನನ್ನ ಕಮ್ಯುನಿಟಿ ಕಾಲೇಜು. ದಿಕ್ಕು ಸರಿಯಾಗಿತ್ತು, ದೂರದ ವಿಷಯದಲ್ಲಿ ಮಾತ್ರ ಅಮ್ಮ ಸ್ವಲ್ಪ ಧಾರಾಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ಡೆಟ್ರಾಯಿಟಿನ ಒಂದು ಕಾರು ಕಂಪನಿಯಲ್ಲಿ ಎಂಜಿನಿಯರ್. ನಾನು ಮೈಸೂರಿನಲ್ಲಿ ಪಿಯುಸಿ ಮುಗಿಸಿ ಬಂದವನು. ಮುಗಿಸಿದೆ ಎನ್ನುವುದಕ್ಕಿಂತ ಅದೇ ನನ್ನನ್ನು ಮುಗಿಸಿತು ಎನ್ನಬಹುದು. ಆನ್ ಆರ್ಬರಿನ ವಿಶ್ವವಿದ್ಯಾಲಯ ನನ್ನ ಅಂಕಗಳನ್ನು ನೋಡಿ ಬಹಳ ವಿನಯದಿಂದ ಬೇಡವೆಂದಿತು. ಉಳಿದಿದ್ದು ಒಂದೇ ದಾರಿ. ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಬೇಕಾದ ವಿಷಯಗಳನ್ನು ಬೇಕಾದ ಕ್ರಮದಲ್ಲಿ ಓದಿ, ಒಳ್ಳೆಯ ಗ್ರೇಡ್ ತೆಗೆದು, ಮೂರನೆಯ ವರ್ಷಕ್ಕೆ ಆನ್ ಆರ್ಬರಿನ ಎಂಜಿನಿಯರಿಂಗಿಗೆ ವರ್ಗವಾಗುವುದು. ಮುಂದಿನ ಬಾಗಿಲಲ್ಲಿ ಬಿಡದಿದ್ದರೆ ಹಿತ್ತಲ ಬಾಗಿಲು.

ನಮ್ಮ ಮನೆಗೆ ವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದ ಧಾರವಾಡದ ಅಂಕಲ್ ಈ ಸುದ್ದಿ ಕೇಳಿದ ದಿನ ತುತ್ತನ್ನು ಗಾಳಿಯಲ್ಲೇ ನಿಲ್ಲಿಸಿದ್ದರು. ಬ್ರಹ್ಮಚಾರಿ, ಸೇತುವೆ ಕಟ್ಟುವ ಎಂಜಿನಿಯರ್, ದನಿ ಮಾತ್ರ ಎರಡು ಸೇತುವೆಯ ಆಚೆಗೂ ಕೇಳಿಸುವಂಥದ್ದು.

"ಕಮ್ಯುನಿಟಿ ಕಾಲೇಜಂದ್ರ ಯಾವ ಕಮ್ಯುನಿಟೀದ್ರಿ ವೈನಿ? ನಮ್ಮವರದೇನು? ಊಟದ ವ್ಯವಸ್ಥಾನೂ ಇರ್ತದೇನು ಹಾಸ್ಟೆಲ್‌ನ್ಯಾಗ?"

ಅವರು ಹೋದ ಮೇಲೆ ನಾನು ಅದನ್ನೇ, ಗಾಳಿಯಲ್ಲಿ ನಿಂತ ತುತ್ತಿನ ಸಮೇತ, ಅಪ್ಪನಿಗೆ ಮಾಡಿ ತೋರಿಸಿದೆ. ಅಪ್ಪ ನಕ್ಕರು. ನಕ್ಕು, "ಈ ವಿದ್ಯೆಗೆ ಡಿಗ್ರಿ ಕೊಡ್ತಾರೇನೋ ಕೇಳು ಕಾಲೇಜಲ್ಲಿ" ಎಂದರು.

ನನಗೆ ಅದೊಂದು ಚಟ. ಯಾರ ಮಾತು ಕೇಳಿದರೂ ನಾಲಿಗೆಯ ಮೇಲೆ ಅದರ ಅಚ್ಚು ಬೀಳುತ್ತದೆ. ಅಪ್ಪ ಸಿಟ್ಟು ಬಂದಾಗ ಇಂಗ್ಲಿಷಿಗೆ ಹಾರುವುದು, ಅಮ್ಮ ಫೋನಿನಲ್ಲಿ "ಹಲೋ" ಎನ್ನುವಾಗ ಬೇರೆಯದೇ ಹೆಂಗಸಾಗುವುದು, ಎಲ್ಲವೂ ನನ್ನ ಸಂಗ್ರಹದಲ್ಲಿದ್ದವು. ಕಾಲೇಜಿನ ಕೌನ್ಸೆಲರ್ ಅಂತೂ ಕೈಗೆ ಸಿಕ್ಕ ರತ್ನ. ಅವರು ಪ್ರತಿ ವಾಕ್ಯವನ್ನೂ "ವೆ...ಲ್, ಸನ್" ಎಂದು ಶುರು ಮಾಡಿ, ಮಧ್ಯದಲ್ಲಿ ಒಂದು ಸಣ್ಣ ನಿದ್ದೆ ತೆಗೆದು, ಆಮೇಲೆ ಮುಗಿಸುತ್ತಿದ್ದರು. ಅವರೇ ಒಂದು ಹಾಳೆಯ ಮೇಲೆ ಬಾಣಗಳನ್ನು ಎಳೆದು ನನ್ನ ಎರಡು ವರ್ಷಗಳನ್ನು ವಿವರಿಸಿದ್ದು. ಕ್ಯಾಲ್ಕುಲಸ್ ಒಂದು ಆದ ಮೇಲೆ ಎರಡು. ಎರಡು ಆಗದೆ ಫಿಸಿಕ್ಸ್ ಇಲ್ಲ. ಫಿಸಿಕ್ಸಿನ ಮೊದಲ ಭಾಗ ಶರತ್ಕಾಲದಲ್ಲಿ ಮಾತ್ರ, ಎರಡನೆಯ ಭಾಗ ಚಳಿಗಾಲದಲ್ಲಿ ಮಾತ್ರ.

"ವೆ...ಲ್, ಸನ್," ಎಂದು ಅವರು ಹಾಳೆಯ ನಡುವಿನ ಬಾಣದ ಮೇಲೆ ಪೆನ್ನು ಊರಿದರು. "ಇದೊಂದು ತಪ್ಪಿದರೆ... ಪೂರ್ತಿ ಒಂದು ವರ್ಷ ಹೋಯಿತು ಅಂತಲೇ ತಿಳಿ."

ಒಂದು ವರ್ಷ! ನನಗೆ ಒಂದು ವಾರವೇ ಕಷ್ಟ. ಕೂತಲ್ಲಿ ಕಾಲು ಕುಣಿಸುವ ಹುಡುಗ ನಾನು. ಅಮ್ಮ ದಿನಕ್ಕೆ ಹತ್ತು ಸಲ, "ಕಾಲು ಅಲ್ಲಾಡಿಸ್ಬೇಡ್ವೋ, ದರಿದ್ರ" ಎನ್ನುತ್ತಿದ್ದಳು. ನಮ್ಮವರ ಮಕ್ಕಳಲ್ಲಿ ನನ್ನ ವಯಸ್ಸಿನವರು ಇಬ್ಬರು ಆಗಲೇ ಆನ್ ಆರ್ಬರಿನ ಹಾಸ್ಟೆಲಿನಲ್ಲಿದ್ದರು. ಯುಗಾದಿಗೆ ಕನ್ನಡದವರೆಲ್ಲ ಬಾಡಿಗೆಗೆ ಹಿಡಿದ ಒಂದು ಶಾಲೆಯ ಕ್ಯಾಂಟೀನಿನಲ್ಲಿ ಸೇರಿದಾಗ ಅವರು ಭುಜದ ಮೇಲೆ ಸ್ವೆಟರ್ ಹಾಕಿಕೊಂಡು ಓಡಾಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಇನ್ನೂ ಅಪ್ಪನ ಮನೆಯಲ್ಲಿ, ತಂಗಿಯ ಪಕ್ಕದ ಕೋಣೆಯಲ್ಲಿ, ಹುಳಿಯನ್ನಕ್ಕೂ ಮೊಸರನ್ನಕ್ಕೂ ನಡುವೆ. ದೇಹ ಸೌತ್‌ಫೀಲ್ಡಿನಲ್ಲಿತ್ತು, ಉಳಿದದ್ದೆಲ್ಲ ಆ ಎಕ್ಸಿಟ್ ದಾಟಿ ಮುಂದೆ ಹೋಗಿ ಕಾಯುತ್ತಿತ್ತು.

ಮೊದಲ ವರ್ಷ ಎರಡೂ ಕ್ಯಾಲ್ಕುಲಸ್ ಮುಗಿಸಿದೆ. ಎರಡರಲ್ಲೂ ಎ. ಪಿಯುಸಿಯ ನನ್ನ ಲೆಕ್ಕದ ಮೇಷ್ಟ್ರು ಕೇಳಿದ್ದರೆ ಅಮೆರಿಕದ ವಿದ್ಯಾಭ್ಯಾಸದ ಬಗ್ಗೆಯೇ ಅವರಿಗೆ ಅನುಮಾನ ಬರುತ್ತಿತ್ತು. ಇನ್ನು ಉಳಿದದ್ದು ಎರಡನೆಯ ವರ್ಷದ ನೋಂದಣಿ. ಆ ಕಾಲದಲ್ಲಿ ಅದು ನಡೆಯುತ್ತಿದ್ದುದು ಕಾಲೇಜಿನ ಜಿಮ್ನೇಷಿಯಮ್ಮಿನಲ್ಲಿ. ವಿಷಯಕ್ಕೊಂದು ಮೇಜು, ಮೇಜಿನ ಮೇಲೆ ತೂತು ಹೊಡೆದ ಕಾರ್ಡುಗಳ ಕಟ್ಟು, ಒಂದು ಕಾರ್ಡಿಗೆ ಒಂದು ಸೀಟು. ಮೊದಲು ಬಂದವನಿಗೆ ಮೊದಲ ಕಾರ್ಡು. ಕಟ್ಟು ಖಾಲಿಯಾದರೆ ಆ ಕ್ಲಾಸು ಮುಚ್ಚಿತು.

ನೋಂದಣಿ ಬಂದದ್ದು ಆಗಸ್ಟ್ ಕೊನೆಯ ಒಂದು ಸೋಮವಾರ, ಬೆಳಿಗ್ಗೆ ಎಂಟಕ್ಕೆ. ಸೋಮವಾರ ಬೆಳಿಗ್ಗೆ ಎಂದರೆ, ಓದುಗರಲ್ಲಿ ಬಲ್ಲವರು ಆಗಲೇ ನಾಲಿಗೆ ಕಚ್ಚಿಕೊಂಡಿರಬಹುದು, ರಾಹುಕಾಲ. ಏಳೂವರೆಯಿಂದ ಒಂಬತ್ತು.

ಅಷ್ಟೇ ಆಗಿದ್ದರೆ ಒಂಬತ್ತಕ್ಕೆ ಒಳಗೆ ಹೋಗಬಹುದಿತ್ತು. ಆದರೆ ನಾವು ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ಆ ವರ್ಷ ಮಿಶಿಗನ್ನಿನಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಸರ್ಕಾರ ಗಡಿಯಾರ ತಿರುಗಿಸಿದರೆ ರಾಹುವೂ ತಿರುಗಿಸಿಕೊಳ್ಳುತ್ತಾನೆಯೇ ಎಂಬುದು ಭಾನುವಾರದ ಊಟದಲ್ಲಿ ಚರ್ಚೆಗೆ ಬಂತು.

"ರಾಹುಗ ಗಡಿಯಾರ ಎಲ್ಲಿ ಅದ ವೈನಿ?" ಎಂದರು ಧಾರವಾಡದ ಅಂಕಲ್. "ಅಂವ ಸೂರ್ಯನ್ನ ನೋಡಿ ಬರಾಂವ. ಅಂದ್ರ ಎಂಟೂವರಿಯಿಂದ ಹತ್ತು."

"ಪಂಚಾಂಗದಲ್ಲಿ ಏಳೂವರೆ ಅಂತ ಬರೆದಿದೆಯಲ್ಲ?" ಅಮ್ಮ ಕೇಳಿದಳು.

"ಪಂಚಾಂಗ ಬರದಾವರು ಡೆಟ್ರಾಯಿಟ್ ನೋಡ್ಯಾರೇನ್ರಿ?"

ಅಮ್ಮ ಸಾರಿನ ಸೌಟನ್ನು ಹಿಡಿದುಕೊಂಡು ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಳು. "ಎರಡನ್ನೂ ಬಿಟ್ಬಿಡೋಣ. ಏಳೂವರೆಯಿಂದ ಹತ್ತು. ಹತ್ತರ ಮೇಲೆ ಯಾರ ತಕರಾರೂ ಇರಲ್ಲ."

"ಫ್ಯಾಕ್ಟರ್ ಆಫ್ ಸೇಫ್ಟಿ," ಎಂದರು ಅಪ್ಪ, ತಟ್ಟೆಯಿಂದ ತಲೆ ಎತ್ತದೆ. ಅಪ್ಪ ಬೇಡ ಎನ್ನಲಿಲ್ಲ. ಮನೆಯಲ್ಲಿ ಗ್ರಹಗಳು ಅಮ್ಮನ ಇಲಾಖೆ, ಗ್ರೇಡುಗಳು ಅಪ್ಪನ ಇಲಾಖೆ. ಎರಡು ಇಲಾಖೆಗಳ ನಡುವೆ ಕಡತ ನಾನು.

ಸೋಮವಾರ ಅಪ್ಪ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಕೆಲಸಕ್ಕೆ ಹೋದರು. ನಮ್ಮ ಕಾರನ್ನು ಓಡಿಸಿದವಳು ಅಮ್ಮ. ಅವಳು ಲೈಸೆನ್ಸ್ ಪಡೆದು ಆಗಿನ್ನೂ ಒಂದು ಬೇಸಿಗೆ ಆಗಿತ್ತು. ಹೈವೇಯಲ್ಲಿ ಗಂಟೆಗೆ ನಲವತ್ತು ಮೈಲಿಗಿಂತ ಮೇಲೆ ಹೋದರೆ ಅದು ದುರಹಂಕಾರ ಎಂದು ನಂಬಿದ್ದವಳು. ಏಳೂಕಾಲಿಗೇ ಕಾಲೇಜಿನ ಪಾರ್ಕಿಂಗ್ ಲಾಟ್ ತಲುಪಿದೆವು. ಅಷ್ಟು ಬೇಗ ಏಕೆಂದರೆ ರಾಹುಕಾಲದಲ್ಲಿ ಮನೆ ಬಿಡಬಾರದಲ್ಲ! ಹಿಂದಿನ ಸೀಟಿನಲ್ಲಿ ಎಂಟು ವರ್ಷದ ತಂಗಿ, ಮುಂದೆ ಅಮ್ಮ, ಪಕ್ಕದಲ್ಲಿ ಕಾಲು ಕುಣಿಸುತ್ತಾ ನಾನು. ಕಾರಿನ ಮುಂದೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ, ಜಿಮ್ನೇಷಿಯಮ್ಮಿನ ಬಾಗಿಲು.

ಎಂಟಾಯಿತು. ಬಾಗಿಲು ತೆರೆಯಿತು. ಸಾಲು ಒಳಗೆ ಸರಿಯತೊಡಗಿತು. ನಾನು ಬೇಸರ ಕಳೆಯಲು ನನ್ನ ಸಂಗ್ರಹದ ದನಿಗಳನ್ನೆಲ್ಲ ಕಾರಿನೊಳಕ್ಕೆ ಕರೆದೆ. ಕೌನ್ಸೆಲರ್ ಬಂದು "ವೆ...ಲ್, ಸನ್" ಎಂದು ನಿದ್ದೆ ಹೋದರು. ಧಾರವಾಡದ ಅಂಕಲ್ ಬಂದು, "ರಾಹುಗ ಪಾರ್ಕಿಂಗ್ ಸಿಗವಲ್ದು ಕಾಣ್ತದ" ಎಂದರು. ತಂಗಿ ಉರುಳಾಡಿ ನಕ್ಕಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಬ್ಬೊಬ್ಬರೇ ಕಾರ್ಡು ಹಿಡಿದು ಹೊರಗೆ ಬರುವುದು ಕಾಣಿಸಿತು. ಅವರು ಕಾರ್ಡಿನಿಂದ ಗಾಳಿ ಹಾಕಿಕೊಳ್ಳುತ್ತಾ, ಸಿಗರೇಟು ಹಚ್ಚುತ್ತಾ, ಏನೂ ಆಗಿಲ್ಲವೆಂಬಂತೆ ನಮ್ಮ ಕಾರಿನ ಪಕ್ಕದಲ್ಲೇ ಹಾದುಹೋದರು. ನನ್ನ ದನಿಗಳೆಲ್ಲ ಒಂದೊಂದಾಗಿ ಕಾರಿನಿಂದ ಇಳಿದುಹೋದವು.

"ಅಮ್ಮ, ಹೋಗ್ಲಾ?"

"ಇನ್ನೊಂದ್ ಸ್ವಲ್ಪ ತಡ್ಕೊಳೋ. ಹೋದ್ ವರ್ಷ ಒಳ್ಳೆ ಹೊತ್ತಲ್ಲಿ ಹೋಗಿದ್ದಕ್ಕೆ ತಾನೆ ಎರಡೂ ಎ ಬಂದಿದ್ದು?"

"ಮಾಮ್, ರಾಹು ಈಸ್ ನಾಟ್ ಈವನ್ ಎ ಪ್ಲಾನೆಟ್," ಎಂದಳು ಹಿಂದಿನಿಂದ ತಂಗಿ.

ಕಾರಿನ ಬಾಗಿಲಿಗೆ ಬೀಗ ಇರಲಿಲ್ಲ. ಹಿಡಿ ನನ್ನ ಕೈಯಲ್ಲೇ ಇತ್ತು. ನನಗೆ ರಾಹುವಿನಲ್ಲಿ ನಂಬಿಕೆ ಇರಲಿಲ್ಲ, ಆದರೆ ಆ ಎರಡು ಎಗಳಲ್ಲೂ ಪೂರ್ತಿ ನಂಬಿಕೆ ಇರಲಿಲ್ಲ. ಅವು ಹೇಗೆ ಬಂದವೋ ಯಾರು ಬಲ್ಲರು? ಕೂತೆ.

ಹತ್ತು ಹೊಡೆದ ಕೂಡಲೇ ಓಡಿದೆ. ಫಿಸಿಕ್ಸ್ ಮೇಜಿನ ಹಿಂದೆ ಕೂತಿದ್ದ ಹೆಂಗಸು ಖಾಲಿ ಮೇಜಿನ ಮೇಲೆ ಕೈಯೂರಿ ಡೋನಟ್ ತಿನ್ನುತ್ತಿದ್ದರು. ಫಿಸಿಕ್ಸ್ ಒಂದು ಮುಚ್ಚಿದೆ, ಎಲ್ಲ ಸೆಕ್ಷನ್ನುಗಳೂ. ಎಷ್ಟು ಹೊತ್ತಿಗೆ ಮುಚ್ಚಿತು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಒಂಬತ್ತಕ್ಕೇ ಮುಗಿದಿತ್ತು. ನನ್ನ ಮುಖ ನೋಡಿ ಡೋನಟ್ ಕೆಳಗಿಟ್ಟು ಇನ್ನೊಂದು ದಾರಿ ತೋರಿಸಿದರು. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಒಂದು ಕ್ಲಾಸಿದೆ, ಅದೂ ತುಂಬಿದೆ. ಆದರೆ ಮೊದಲ ಶನಿವಾರ ಬಾರದೆ ಹೋದವರ ಸೀಟನ್ನು ಪ್ರೊಫೆಸರ್ ಅಲ್ಲೇ ಬಂದು ನಿಂತವರಿಗೆ ಕೊಡುತ್ತಾರೆ. ಒಂಬತ್ತಕ್ಕೆ ಸರಿಯಾಗಿ ಅಲ್ಲಿರಬೇಕು.

ಕಾರಿಗೆ ಬಂದು ಹೇಳಿದೆ. ಅಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. ಶನಿವಾರದ ರಾಹುಕಾಲ ಪಂಚಾಂಗದ ಪ್ರಕಾರ ಒಂಬತ್ತರಿಂದ ಹತ್ತೂವರೆ. ಸೂರ್ಯನ ಪ್ರಕಾರ ಹತ್ತರಿಂದ ಹನ್ನೊಂದೂವರೆ. ಕ್ಲಾಸಿಗೆ ಕ್ಲಾಸೇ ರಾಹುವಿನ ಹೊಟ್ಟೆಯಲ್ಲಿತ್ತು. ಅವಳು ಕಾರು ಶುರು ಮಾಡಿದಳು. ಹಿಂದಿರುಗುವಾಗ ಮೂವತ್ತೈದೇ ಮೈಲಿ.

ಸಂಜೆ ಅಪ್ಪ ಕೇಳಿದರು. ಕೇಳಿ, ಷೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತರು. "ವೆರಿ ಗುಡ್," ಎಂದರು. "ವೆರಿ, ವೆರಿ ಗುಡ್." ಆ ದನಿಯನ್ನು ನಾನು ಇವತ್ತಿಗೂ ಅಣಕಿಸಿಲ್ಲ.

ಮುಂದಿನ ದಿನಗಳಲ್ಲಿ ಅಮ್ಮ ನನ್ನ ಮುಖ ನೋಡದೆ ಬಡಿಸಿದಳು. ಕ್ಷಮಿಸು ಎನ್ನುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ, ಅದರ ಬದಲು ತಟ್ಟೆಗೆ ಎರಡನೆಯ ಸಲ ತುಪ್ಪ ಬೀಳುತ್ತದೆ. ಆ ದಿನಗಳಲ್ಲಿ ನಾನು ತಿಂದ ತುಪ್ಪದಲ್ಲಿ ಒಂದು ಹೋಮ ಮಾಡಬಹುದಿತ್ತು. ನಾನೋ ಮೆಟ್ಟಿಲು ಹತ್ತುವುದು, ಇಳಿಯುವುದು, ಫ್ರಿಜ್ ತೆರೆಯುವುದು, ಮುಚ್ಚುವುದು. ಪ್ರೊಫೆಸರನ್ನು ಹೇಗೆ ಕೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಕೌನ್ಸೆಲರ್ ದನಿಯಲ್ಲಿ ಕೇಳಿದರೆ ಚೆನ್ನಾಗಿ ಬರುತ್ತಿತ್ತು. ಅಪ್ಪನ ಇಂಗ್ಲಿಷಿನಲ್ಲಿ ಕೇಳಿದರೆ ಇನ್ನೂ ಚೆನ್ನ. ನನ್ನದೇ ದನಿಯಲ್ಲಿ ಶುರು ಮಾಡಿದರೆ "ಸರ್" ಆದ ಮೇಲೆ ಕನ್ನಡಿಯಲ್ಲಿದ್ದವನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಲ್ಲುತ್ತಿದ್ದೆವು.

ಕ್ಲಾಸಿನ ವಾರ ಬಂತು. ಗುರುವಾರ ಬೆಳಿಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ ನನ್ನ ಕೋಣೆಗೆ ಬಂದಳು. "ನಿನ್ ಬ್ಯಾಗ್ ಕೊಡು. ಫಿಸಿಕ್ಸ್ ಬುಕ್ಕು, ಪೆನ್ಸಿಲ್ಲು, ಅಪ್ಪನ ಲೆಕ್ಕ ಮಾಡೋ ಸ್ಲೈಡ್ ರೂಲು, ಎಲ್ಲ ಹಾಕು. ಪ್ರಸ್ಥಾನ ಇಡ್ತೀನಿ."

ಹೊರಡಬೇಕಾದ ದಿನದ ಹೊತ್ತು ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ಹೊತ್ತಿನಲ್ಲಿ ಪ್ರಯಾಣದ ಗಂಟನ್ನು ಮೊದಲೇ ಹೊರಡಿಸಿ ಪಕ್ಕದ ಮನೆಯಲ್ಲಿಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆಯೇ. ಆಮೇಲೆ ಅವನು ಯಾವಾಗ ಬೇಕಾದರೂ ಹೋಗಿ ಅದನ್ನು ಎತ್ತಿಕೊಂಡು ಮುಂದುವರಿಯಬಹುದು. ನಿಯಮ ಒಂದೇ, ಗಂಟು ಮನೆಗೆ ಹಿಂದಿರುಗಬಾರದು. ಮೈಸೂರಿನಲ್ಲಾದರೆ ಪಕ್ಕದ ಮನೆಯವರು ಯಾಕೆ ಎಂದೂ ಕೇಳುತ್ತಿರಲಿಲ್ಲ. ಇಲ್ಲಿ ಪಕ್ಕದ ಮನೆಯಲ್ಲಿ ಇದ್ದವರು ಕಾರ್ಖಾನೆಯಿಂದ ನಿವೃತ್ತರಾಗಿ, ಹುಲ್ಲನ್ನು ಅಳತೆಪಟ್ಟಿ ಇಟ್ಟಂತೆ ಕತ್ತರಿಸುತ್ತಾ ಒಬ್ಬರೇ ಬದುಕುತ್ತಿದ್ದ ಒಬ್ಬ ಮುದುಕರು.

ಅಮ್ಮ ಬ್ಯಾಗಿನೊಳಗೆ ಅರಿಸಿನ ಹಚ್ಚಿದ ಒಂದು ಅಡಿಕೆಯಿಟ್ಟು, ಬ್ಯಾಗನ್ನು ಎರಡೂ ಕೈಯಲ್ಲಿ ಮಗುವಿನಂತೆ ಹಿಡಿದು ಅವರ ಬಾಗಿಲು ತಟ್ಟಿದಳು. ನಾನು ಹಿಂದೆ ನಿಂತು ಭೂಮಿ ಬಾಯಿಬಿಡಲೆಂದು ಕಾಯುತ್ತಿದ್ದೆ.

"ಈ ಬ್ಯಾಗು ಕಾಲೇಜಿಗೆ ಹೋಗುತ್ತಿದೆ," ಎಂದಳು ಅಮ್ಮ ತನ್ನ ಫೋನಿನ ಇಂಗ್ಲಿಷಿನಲ್ಲಿ. "ಹುಡುಗ ಶನಿವಾರ ಹೋಗುತ್ತಾನೆ. ಅಲ್ಲಿಯವರೆಗೆ ಇದು ನಿಮ್ಮ ಮನೆಯಲ್ಲಿರುತ್ತದೆ."

ಮುದುಕರು ಬ್ಯಾಗನ್ನು ನೋಡಿದರು, ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. "ಇದಕ್ಕೆ ರಾತ್ರಿ ಏನಾದರೂ ತಿನ್ನಲು ಕೊಡಬೇಕೇ?" ಎಂದು ಗಂಭೀರವಾಗಿ ಕೇಳಿದರು.

"ನೋ, ನೋ. ಬಟ್ ಡೋಂಟ್ ಗಿವ್ ಬ್ಯಾಕ್," ಎಂದಳು ಅಮ್ಮ.

ನನ್ನಂಥವನೇ ಇನ್ನೊಬ್ಬ ಬೇಲಿಯಾಚೆಗೆ ಇದ್ದಾನೆಂದು ನನಗೆ ತಿಳಿದದ್ದು ಆಗ.

ಎರಡು ದಿನ ನಾನು ಮನೆಯಲ್ಲಿ, ನನ್ನ ಬ್ಯಾಗು ಪಕ್ಕದ ಮನೆಯಲ್ಲಿ. ಕಿಟಕಿಯಿಂದ ಆ ಮನೆಯನ್ನು ನೋಡಿದಾಗಲೆಲ್ಲ ವಿಚಿತ್ರ ಹೊಟ್ಟೆಕಿಚ್ಚು. ಅದಾದರೂ ಹೊರಟಿತಲ್ಲ!

ಶನಿವಾರ ಬೆಳಿಗ್ಗೆ ಬ್ಯಾಗು ತರಲು ಹೋದರೆ ಬಾಗಿಲು ತೆರೆಯಲಿಲ್ಲ. ಗ್ಯಾರೇಜಿನಲ್ಲಿ ಅವರ ಪಿಕಪ್ ಟ್ರಕ್ ಇರಲಿಲ್ಲ. ಎದುರು ಮನೆಯವರು ನೀರು ಹಾಯಿಸುತ್ತಾ ಕೂಗಿ ಹೇಳಿದರು, "ಅವನು ಮೀನು ಹಿಡಿಯಲು ಹೋಗಿದ್ದಾನೆ, ಅಪ್ ನಾರ್ತ್!" ಮಿಶಿಗನ್ನಿನಲ್ಲಿ ಅಪ್ ನಾರ್ತ್ ಎಂದರೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಭಾನುವಾರದವರೆಗೆ ಇಲ್ಲ ಎಂದಷ್ಟೇ ಅರ್ಥ. ಹುಡುಗ ಶನಿವಾರ ಕಾಲೇಜಿಗೆ ಹೋಗುತ್ತಾನೆ, ಬ್ಯಾಗನ್ನು ಹಿಂದಕ್ಕೆ ಕೊಡಬೇಡಿ ಎಂದು ಅಮ್ಮ ಹೇಳಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು.

ಅಮ್ಮ ಸೀರೆ ಎತ್ತಿ ಹಿಡಿದು ಹೂವಿನ ಪಾತಿಗೆ ಇಳಿದು ಅಡುಗೆಮನೆಯ ಕಿಟಕಿಗೆ ಹಣೆ ಹಚ್ಚಿದಳು. ನಾನೂ ಹಚ್ಚಿದೆ. ಊಟದ ಮೇಜಿನ ಕುರ್ಚಿಯ ಮೇಲೆ ನನ್ನ ಬ್ಯಾಗು ನೆಟ್ಟಗೆ ಕೂತಿತ್ತು. ಅದರ ಮುಂದೆ ಒಂದು ಖಾಲಿ ತಟ್ಟೆ, ಒಂದು ಚಮಚ. ಮುದುಕರ ಕೈವಾಡ.

"ಏನ್ಮಾಡೋದು?" ಎಂದೆ. ಎಂಟೂವರೆ ದಾಟಿತ್ತು.

ಅಮ್ಮ ಕಿಟಕಿಯಿಂದ ಹಣೆ ತೆಗೆಯಲಿಲ್ಲ. ಅವಳ ತಲೆಯೊಳಗೆ ಸೂರ್ಯ, ಪಂಚಾಂಗ, ಮಿಶಿಗನ್ ಸರ್ಕಾರ ಎಲ್ಲ ಒಟ್ಟಿಗೆ ಮಾತಾಡುತ್ತಿರಬೇಕು. ಗಂಟಿಲ್ಲದೆ ಹೊರಟರೆ ಅದು ಹೊಸದಾಗಿ ಹೊರಟಂತೆ, ಒಂಬತ್ತಕ್ಕೆ ನೇರ ರಾಹುವಿನ ಬಾಯಿಗೆ. ಕಾದರೆ ಸೀಟಿಲ್ಲ, ವರ್ಷವಿಲ್ಲ.

"ಬ್ಯಾಗು ಗುರುವಾರನೇ ಹೊರಟಾಯ್ತು," ಎಂದಳು ಕೊನೆಗೆ, ಗಾಜಿಗೆ. "ನೀನು ಹಿಂದಿಂದ ಹೋಗ್ತಿದೀಯ, ಅಷ್ಟೆ." ತಿರುಗಿ ನನ್ನ ಮುಖ ನೋಡಿದಳು. ಆ ಸೋಮವಾರದ ನಂತರ ಮೊದಲ ಸಲ. "ಏನ್ ನಿಂತ್ಕೊಂಡಿದೀಯೋ ಕಂಬದ ಥರ? ಹತ್ತು ಕಾರು!"

ಆ ದಿನ ಅವಳು ಎಪ್ಪತ್ತು ಮೈಲಿ ವೇಗದಲ್ಲಿ ಓಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟಿಯರಿಂಗಿಗೆ ಎದೆ ತಾಗಿಸಿ, ಎರಡು ದೊಡ್ಡ ಟ್ರಕ್ಕುಗಳನ್ನು ಹಿಂದಿಕ್ಕಿದಳು. ಪ್ರತಿ ಸಲವೂ "ಕ್ಷಮಿಸಪ್ಪಾ" ಎಂದಳು. ಟ್ರಕ್ಕಿಗೋ ದೇವರಿಗೋ ತಿಳಿಯಲಿಲ್ಲ. ನಾನು ಕಾಲು ಕುಣಿಸುವುದನ್ನೇ ಮರೆತು ಡ್ಯಾಶ್‌ಬೋರ್ಡ್ ಹಿಡಿದಿದ್ದೆ.

ಕ್ಲಾಸಿಗೆ ಓಡಿದಾಗ ಗೋಡೆಗೆ ಒರಗಿ ಆಗಲೇ ಮೂವರು ನಿಂತಿದ್ದರು. ಸೈನ್ಯದ ಹಳೆಯ ಜಾಕೆಟ್ ತೊಟ್ಟ ಗಡ್ಡದವನೊಬ್ಬ, ದಪ್ಪ ಕನ್ನಡಕದ ಹುಡುಗಿಯೊಬ್ಬಳು, ಇನ್ನೊಬ್ಬ ಆಕಳಿಸುತ್ತಿದ್ದವ. ಪ್ರೊಫೆಸರ್ ತೆಳ್ಳಗಿನ ಮನುಷ್ಯ. ಹೆಸರು ಕರೆದು ಮುಗಿಸಿ, "ಸೀಟು ಎರಡಿವೆ, ನೀವು ನಾಲ್ವರು," ಎಂದರು. "ಕ್ಯಾಲ್ಕುಲಸ್ ನಿಜವಾಗಿ ಯಾರಿಗೆ ಗೊತ್ತಿದೆ ನೋಡೋಣ. ಕಾಗದ ತೆಗೆಯಿರಿ."

ಮೂವರು ಕಾಗದ ತೆಗೆದರು. ನಾನು ಬರಿಗೈ.

"ನಿನ್ನ ಸಾಮಾನೆಲ್ಲಿ?"

ಕೌನ್ಸೆಲರನ್ನು ಕರೆದೆ, ಬರಲಿಲ್ಲ. ಅಪ್ಪನನ್ನು ಕರೆದೆ, ಅವರೂ ಬರಲಿಲ್ಲ. ಬಾಯಿಂದ ಬಂದ ದನಿ ನನಗೇ ಪರಿಚಯವಿಲ್ಲದ್ದು. "ನನ್ನ ಬ್ಯಾಗು ಗುರುವಾರವೇ ಹೊರಟಿತು ಸರ್. ಅದು ಪಕ್ಕದ ಮನೆಯಲ್ಲಿದೆ. ಪಕ್ಕದ ಮನೆಯವರು ಅಪ್ ನಾರ್ತ್‌ನಲ್ಲಿದ್ದಾರೆ."

ಕ್ಲಾಸು ನಕ್ಕಿತು. ಜೀವಮಾನದಲ್ಲಿ ಮೊದಲ ಸಲ ನಾನು ಯಾರನ್ನೂ ಅಣಕಿಸದೆ ಜನರನ್ನು ನಗಿಸಿದ್ದೆ, ಆದರೆ ಸುಖವಾಗಲಿಲ್ಲ. ಪ್ರೊಫೆಸರ್ ಮಾತ್ರ ನಗದೆ, ಸೀಮೆಸುಣ್ಣ ಚಾಚಿದರು. "ಹಾಗಾದರೆ ನೀನು ಬೋರ್ಡಿನ ಮೇಲೆ ಮಾಡು."

ಮೇಲಕ್ಕೆಸೆದ ಚೆಂಡು, ಅದು ಎಷ್ಟು ಎತ್ತರಕ್ಕೆ ಹೋಗುತ್ತದೆ, ಯಾವಾಗ. ಎಲ್ಲರ ಕಣ್ಣೂ ಬೆನ್ನ ಮೇಲೆ. ನಡುವೆ ಒಂದು ಮೈನಸ್ ಬಿಟ್ಟೆ, ಚೆಂಡು ಆಕಾಶಕ್ಕೆ ಹೋಗಿ ಬರಲೇ ಇಲ್ಲ. ಅಳಿಸಿದೆ. ಮತ್ತೆ ಬರೆದೆ. ಚೆಂಡು ಮೇಲೆ ಹೋಗಿ ಒಂದು ಕ್ಷಣ ನಿಂತು ಕೆಳಗೆ ಬಂತು. ತಿರುಗಿದಾಗ ಗಡ್ಡದವನೂ ಮುಗಿಸಿದ್ದ. ನಮ್ಮಿಬ್ಬರಿಗೆ ಸೀಟು. ಕನ್ನಡಕದ ಹುಡುಗಿ ಇನ್ನೊಂದೇ ಸಾಲು ಬಾಕಿಯಿದ್ದ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿ, ಸದ್ದಿಲ್ಲದೆ ಬಾಗಿಲು ಮುಚ್ಚಿಕೊಂಡು ಹೋದಳು. ಅವಳ ಬಳಿ ಚೀಲವಿತ್ತು, ಕಾಗದವಿತ್ತು, ಅವಳು ನನಗಿಂತ ಮೊದಲು ಬಂದಿದ್ದಳು. ಅವಳದು ಯಾವ ಕಾಲವೋ. ಮೂರು ಗಂಟೆಯ ಪಾಠದಲ್ಲಿ ನನಗೆ ಹೆಚ್ಚಾಗಿ ಕೇಳಿಸಿದ್ದು ಆ ಬಾಗಿಲು.

ಮಧ್ಯಾಹ್ನ ಹೊರಗೆ ಬಂದರೆ ಅಮ್ಮ ಕಾರಿನಲ್ಲೇ ಇದ್ದಳು, ಕಿಟಕಿ ಇಳಿಸಿಕೊಂಡು, ಕಣ್ಣು ಬಾಗಿಲ ಮೇಲೆ.

"ಸಿಕ್ತಾ?"

"ಸಿಕ್ತು."

ಅವಳು ಕಣ್ಣು ಮುಚ್ಚಿ ತೆರೆದಳು. ಕಾರು ಶುರು ಮಾಡಿ ಮತ್ತೆ ನಿಲ್ಲಿಸಿದಳು. "ಎಷ್ಟೊತ್ತಿಗೆ ಸಿಕ್ತು?"

ಸುಳ್ಳು ಹೇಳಬಹುದಿತ್ತು. "ಒಂಬತ್ತೂವರೆ," ಎಂದೆ.

ಕಾರು ಹೈವೇಗೆ ಬಂತು. ಮತ್ತೆ ನಲವತ್ತು ಮೈಲಿ. ಎರಡು ಎಕ್ಸಿಟ್ ದಾಟಿದ ಮೇಲೆ ಅವಳು ಕನ್ನಡಿಯನ್ನು ಸರಿಪಡಿಸಿಕೊಳ್ಳುತ್ತಾ ಹೇಳಿದಳು, "ಧಾರವಾಡದವರು ಹೇಳಿದ್ದೇ ಸರಿ ಕಣೋ. ರಾಹು ಸೂರ್ಯನ್ನ ನೋಡ್ಕೊಂಡೇ ಬರೋದು. ಇವತ್ತು ಹತ್ತಕ್ಕೆ ಬಂದಿರ್ತಾನೆ, ಅಷ್ಟ್ರಲ್ಲಿ ನಿನ್ ಕೆಲಸ ಆಗಿತ್ತು."

"ಹಾಗಾದ್ರೆ ಆ ಸೋಮವಾರ ಎಂಟು ಗಂಟೆಗೆ ಒಳಗೆ ಹೋಗ್ಬೋದಿತ್ತಲ್ಲಮ್ಮ?"

"ಕಾಲು ಅಲ್ಲಾಡಿಸ್ಬೇಡ," ಎಂದಳು.

ಫಿಸಿಕ್ಸಿನ ಎರಡು ಭಾಗಗಳೂ ಮುಗಿದವು. ಒಂದರಲ್ಲಿ ಎ, ಇನ್ನೊಂದರಲ್ಲಿ ಬಿ. ಆ ಬಿ ನನ್ನ ಸ್ವಂತದ್ದು, ಅದರಲ್ಲಿ ಯಾವ ಗ್ರಹದ ಪಾಲೂ ಇಲ್ಲ. ಆನ್ ಆರ್ಬರ್ ಈ ಸಲ ಬೇಡ ಎನ್ನಲಿಲ್ಲ. ಹೊರಡುವ ದಿನ ಶನಿವಾರವೆಂದು ಗೊತ್ತಾಗಿ ಅಮ್ಮ ಪಂಚಾಂಗ ತೆಗೆದಿದ್ದಳು. ಅಪ್ಪ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ನಾನು ಬೇಲಿಯಾಚೆಗೂ ಆ ಸುದ್ದಿ ಮುಟ್ಟಿಸಿ, ವಾರದ ಹಿಂದೆಯೇ ಕಟ್ಟಿಟ್ಟ ಸೂಟ್‌ಕೇಸನ್ನು ಬಿಚ್ಚುತ್ತಾ ಮತ್ತೆ ಕಟ್ಟುತ್ತಾ ಇದ್ದೆ. ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಮುದುಕರು ಹೊಸದಾಗಿ ಕ್ಷೌರ ಮಾಡಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

"ಎಲ್ಲಿ, ಕೊಡಿ," ಎಂದು ಕೈ ಚಾಚಿದರು. "ಈ ವಾರ ನಾನು ಮೀನು ಹಿಡಿಯಲು ಹೋಗುವುದಿಲ್ಲ."